ಬದುಕಿಸಿದವನ ಮೇಲೆ ಬಿದ್ದ ಆರೋಪ: ಕಾಸ್ಟ್ನರ್ ಪ್ರಕರಣದ ಮೂರು ಗಂಟುಗಳು

ನಾಜಿಗಳು ಪೋಲೆಂಡಿನಲ್ಲಿ ನಡೆಸುತ್ತಿದ್ದ ಆಶ್‌ವಿಟ್ಜ್ ಸಾವಿನ ಶಿಬಿರ ವಿಮೋಚನೆಗೊಂಡು 2025ರ ಜನವರಿ 27ಕ್ಕೆ 80 ವರ್ಷ ತುಂಬಿತು. ಅಲ್ಲಿಂದ ಬದುಕಿ ಬಂದವರ ತಲೆಮಾರು ಕರಗುತ್ತಿದೆ. ಅವರ ಸ್ಮರಣೆಯ ಬರಹಗಳಲ್ಲಿ, ನಿಧನವಾರ್ತೆಗಳಲ್ಲಿ ‘ಕಾಸ್ಟ್ನರ್ ರೈಲು’ ಎಂಬ ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆನಡಾದ ಗಣಿ ಉದ್ಯಮಿ ಪೀಟರ್ ಮಂಕ್ 2018ರಲ್ಲಿ ತೀರಿಕೊಂಡಾಗ, ಹದಿಹರೆಯದಲ್ಲಿ ಅವರು ಆ ರೈಲು ಹತ್ತಿ ಪಾರಾದವರೆಂಬ ಸಂಗತಿ ಸುದ್ದಿಯಾಯಿತು. ಮೆರಾವ್ ಮಿಖಾಯೆಲಿ 2021ರಲ್ಲಿ ಇಸ್ರೇಲಿನ ಲೇಬರ್ ಪಕ್ಷದ ನಾಯಕಿಯಾದಾಗ, ಅವರು ಆ ರೈಲನ್ನು ಹೊರಡಿಸಿದ ರುಡಾಲ್ಫ್ ಕಾಸ್ಟ್ನರ್ ಅವರ ಮೊಮ್ಮಗಳೆಂಬುದು ಮತ್ತೊಮ್ಮೆ ನೆನಪಿಗೆ ಬಂತು. ಇಂಥ ವರದಿಗಳನ್ನು ಓದುವವರಿಗೆ ಒಂದು ಗೊಂದಲ ತಪ್ಪಿದ್ದಲ್ಲ. ಕಾಸ್ಟ್ನರ್ ನಾಜಿಗಳ ಕೈಯಿಂದ ಸುಮಾರು 1,684 ಯಹೂದಿಗಳನ್ನು ಬಿಡಿಸಿದರು ಎನ್ನುವ ವರದಿಯೇ, ಮುಂದಿನ ಸಾಲಿನಲ್ಲಿ, ಅವರನ್ನು ನಾಜಿಗಳ ಸಹಯೋಗಿ ಎಂದು ಕರೆದು ಟೆಲ್ ಅವೀವ್‌ನಲ್ಲಿ ಯಹೂದಿಗಳೇ ಗುಂಡಿಟ್ಟು ಕೊಂದರು ಎಂದೂ ಹೇಳುತ್ತದೆ. ಈ ಎರಡೂ ಮಾತು ನಿಜ. ಅವೆರಡೂ ಒಬ್ಬನೇ ವ್ಯಕ್ತಿಯ ಬಗ್ಗೆ ಹೇಗೆ ನಿಜವಾದವು ಎಂಬುದು ಇಲ್ಲಿನ ಪ್ರಶ್ನೆ.

ಹಂಗೇರಿಯ ಎಂಟು ವಾರ

ಹಂಗೇರಿ ಜರ್ಮನಿಯ ಮಿತ್ರರಾಷ್ಟ್ರವಾಗಿತ್ತು. ಅಲ್ಲಿನ ಯಹೂದಿಗಳ ಮೇಲೆ ಕ್ರೂರ ಕಾನೂನುಗಳಿದ್ದವು, ಗಂಡಸರನ್ನು ಕಡ್ಡಾಯ ದುಡಿಮೆಯ ತುಕಡಿಗಳಿಗೆ ಎಳೆದೊಯ್ಯಲಾಗುತ್ತಿತ್ತು. ಆದರೂ ಪೋಲೆಂಡಿನಲ್ಲಿ ನಡೆದಂಥ ಸಾಮೂಹಿಕ ಕಗ್ಗೊಲೆ 1944ರ ಆರಂಭದವರೆಗೆ ಅಲ್ಲಿನ ಬಹುಪಾಲು ಯಹೂದಿಗಳನ್ನು ಮುಟ್ಟಿರಲಿಲ್ಲ. ಯುದ್ಧದಿಂದ ಹಿಂದೆ ಸರಿಯುವ ಯೋಚನೆಯಲ್ಲಿದ್ದ ಹಂಗೇರಿಯನ್ನು ಜರ್ಮನಿ 1944ರ ಮಾರ್ಚ್ 19ರಂದು ಆಕ್ರಮಿಸಿಕೊಂಡಿತು. ಆ ಸೈನ್ಯದ ಹಿಂದೆಯೇ, ಯಹೂದಿಗಳ ಸಾಗಣೆಯ ಹೊಣೆ ಹೊತ್ತಿದ್ದ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್ ತನ್ನ ಸಣ್ಣ ತಂಡದೊಂದಿಗೆ ಬುಡಾಪೆಸ್ಟ್‌ಗೆ ಬಂದಿಳಿದ. ಮೇ 15ರಿಂದ ಜುಲೈ 9ರವರೆಗೆ, ಅಂದರೆ ಸರಿಸುಮಾರು ಎಂಟು ವಾರಗಳಲ್ಲಿ, ಸುಮಾರು 4,37,000 ಯಹೂದಿಗಳನ್ನು ಗೂಡ್ಸ್ ರೈಲುಗಳಲ್ಲಿ ತುಂಬಿ ಕಳಿಸಲಾಯಿತು. ಬಹುತೇಕ ರೈಲುಗಳು ಹೋದದ್ದು ಆಶ್‌ವಿಟ್ಜ್‌ಗೆ, ಮತ್ತು ಅಲ್ಲಿ ಇಳಿದವರಲ್ಲಿ ಹೆಚ್ಚಿನವರು ಬಂದ ದಿನವೇ ವಿಷಾನಿಲಕ್ಕೆ ಬಲಿಯಾದರು. ಊರೂರಿನಲ್ಲಿ ಜನರನ್ನು ಹಿಡಿದು, ಇಟ್ಟಿಗೆ ಗೂಡುಗಳ ಅಂಗಳದಲ್ಲಿ ಕೂಡಿಹಾಕಿ, ರೈಲಿಗೆ ಹತ್ತಿಸುವ ಕೆಲಸವನ್ನು ಮಾಡಿದ್ದು ಮುಖ್ಯವಾಗಿ ಹಂಗೇರಿಯ ಜೆಂಡಾರ್ಮ್ ಎಂಬ ಗ್ರಾಮೀಣ ಪೊಲೀಸ್ ಪಡೆ. ಮುಂದೆ ನಡೆದ ವಾಗ್ವಾದದಲ್ಲಿ ಈ ಸಂಗತಿ ಎಷ್ಟೋ ಸಲ ಮರೆಯಾಗಿಬಿಡುತ್ತದೆ.

ಕಾಸ್ಟ್ನರ್ ಹುಟ್ಟಿದ್ದು 1906ರಲ್ಲಿ, ಕ್ಲುಜ್‌ನಲ್ಲಿ. ಈಗ ರೊಮೇನಿಯಾಕ್ಕೆ ಸೇರಿರುವ, ಹಂಗೇರಿಯನ್ನರು ಕೊಲೊಜ್ವಾರ್ ಎನ್ನುವ ಊರು ಅದು. ವಕೀಲಿ ಓದಿದ್ದರು, ಪತ್ರಕರ್ತರಾಗಿದ್ದರು. ಯುದ್ಧದ ನಡುವೆ ಬುಡಾಪೆಸ್ಟ್‌ನಲ್ಲಿ ಒಟ್ಟೊ ಕೊಮೊಯ್, ಜೋಯೆಲ್ ಬ್ರಾಂಡ್ ಮತ್ತು ಹಾನ್ಸಿ ಬ್ರಾಂಡ್ ಅವರೊಡನೆ ಸೇರಿ ಒಂದು ನೆರವು ಮತ್ತು ರಕ್ಷಣಾ ಸಮಿತಿಯನ್ನು ನಡೆಸುತ್ತಿದ್ದರು. ಪೋಲೆಂಡ್, ಸ್ಲೊವಾಕಿಯಾಗಳಿಂದ ತಪ್ಪಿಸಿಕೊಂಡು ಬಂದ ಯಹೂದಿಗಳಿಗೆ ಆಶ್ರಯ ಒದಗಿಸುವುದು ಅದರ ಕೆಲಸವಾಗಿತ್ತು. ಜರ್ಮನರು ಬಂದ ಮೇಲೆ ಸಮಿತಿ ನಾಜಿ ಅಧಿಕಾರಿಗಳೊಂದಿಗೇ ಮಾತುಕತೆಗೆ ಇಳಿಯಿತು.

ಮೂರು ಸೂಟ್‌ಕೇಸ್

ಐಕ್‌ಮನ್ 1944ರ ಏಪ್ರಿಲ್ ಕೊನೆಯಲ್ಲಿ ಜೋಯೆಲ್ ಬ್ರಾಂಡ್ ಮುಂದಿಟ್ಟ ಪ್ರಸ್ತಾಪ ಕುಖ್ಯಾತವಾದದ್ದು: ಮಿತ್ರಪಕ್ಷಗಳು 10,000 ಲಾರಿ ಕೊಟ್ಟರೆ 10 ಲಕ್ಷ ಯಹೂದಿಗಳನ್ನು ಬಿಡುವುದು. ಈ ಪ್ರಸ್ತಾಪವನ್ನು ಹೊತ್ತು ಇಸ್ತಾಂಬುಲ್‌ಗೆ ಹೋದ ಬ್ರಾಂಡ್‌ರನ್ನು ಬ್ರಿಟಿಷರು ಸಿರಿಯಾದಲ್ಲಿ ಬಂಧಿಸಿ ಕೈರೋಗೆ ಒಯ್ದರು. ಬುಡಾಪೆಸ್ಟ್‌ನಲ್ಲಿ ಉಳಿದ ಕಾಸ್ಟ್ನರ್, ನೀವು ಮಾತಿಗೆ ಬದ್ಧರೆಂದು ತೋರಿಸಲು ಮೊದಲು ಒಂದು ಗುಂಪನ್ನಾದರೂ ಬಿಡಿ ಎಂದು ಹಟ ಹಿಡಿದರು. ಆ ಹಟದಿಂದ ಹೊರಟದ್ದೇ ಈ ರೈಲು.

ತಲೆಗೆ 1,000 ಡಾಲರ್ ಎಂದು ದರ ನಿಗದಿಯಾಯಿತು. ಬಹುಪಾಲು ಪ್ರಯಾಣಿಕರ ಬಳಿ ಅಷ್ಟು ಹಣ ಇರಲಿಲ್ಲ. ಹಾಗಾಗಿ ಸುಮಾರು 150 ಸ್ಥಾನಗಳನ್ನು ಸಿರಿವಂತರಿಗೆ ಮಾರಿ, ಆ ಹಣದಿಂದ ಉಳಿದವರ ಲೆಕ್ಕ ಹೊಂದಿಸಲಾಯಿತು. ನೋಟು, ಚಿನ್ನ, ಒಡವೆ, ಷೇರುಪತ್ರಗಳನ್ನು ತುಂಬಿದ ಮೂರು ಸೂಟ್‌ಕೇಸ್‌ಗಳು ಜೂನ್‌ನಲ್ಲಿ ಎಸ್‌ಎಸ್ ಎಂಬ ನಾಜಿ ಪಡೆಯ ಅಧಿಕಾರಿಗಳ ಕೈಸೇರಿದವು. ಸಂಪ್ರದಾಯಸ್ಥರು, ಸುಧಾರಣಾವಾದಿಗಳು, ಪ್ಯಾಲೆಸ್ಟೀನಿನಲ್ಲಿ ಯಹೂದಿ ರಾಷ್ಟ್ರ ಬಯಸಿದ್ದ ಜಿಯೋನಿಸ್ಟರು, ಪೋಲೆಂಡಿನ ನಿರಾಶ್ರಿತರು, ಅನಾಥ ಮಕ್ಕಳು ಎಂದು ಬಗೆ ಬಗೆಯಾಗಿ ವಿಂಗಡಿಸಿ ಪಟ್ಟಿ ತಯಾರಾಯಿತು. ಜಿಯೋನಿಸಂನ ಕಟ್ಟಾ ವಿರೋಧಿಯಾಗಿದ್ದ ಸಾಟ್ಮಾರ್ ಪಂಥದ ಗುರು ಜೋಯೆಲ್ ಟೈಟೆಲ್‌ಬೌಮ್, ಮನೋವೈದ್ಯ ಲಿಯೊಪೋಲ್ಡ್ ಸೊಂಡಿ ಮುಂತಾದವರು ಪಟ್ಟಿಯಲ್ಲಿದ್ದರು. ಕ್ಲುಜ್‌ನ ಘೆಟ್ಟೊದಿಂದ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಆವರಣದಿಂದ, ಬಿಡಿಸಿ ತಂದ 388 ಜನರೂ ಇದ್ದರು. ಕಾಸ್ಟ್ನರ್ ಅವರ ಬಂಧುಗಳು, ಗೆಳೆಯರು ಮತ್ತು ಕ್ಲುಜ್ ಯಹೂದಿ ಮಂಡಳಿಯ ಮುಖ್ಯಸ್ಥರೂ ಆಗಿದ್ದ ಅವರ ಮಾವ ಯೋಜೆಫ್ ಫಿಷರ್ ಈ ಗುಂಪಿಗೆ ಸೇರಿದವರು.

ಜೂನ್ 30ರ ರಾತ್ರಿ ಹೊರಟ ರೈಲು ಹೋದದ್ದು ತಟಸ್ಥ ದೇಶಕ್ಕಲ್ಲ, ಬೆರ್ಗೆನ್-ಬೆಲ್ಸೆನ್ ಶಿಬಿರಕ್ಕೆ. ದಾರಿಯಲ್ಲಿ ಲಿಂಜ್‌ನಲ್ಲಿ ಸ್ನಾನ ಮತ್ತು ಸೋಂಕು ನಿವಾರಣೆಗೆಂದು ಇಳಿಸಿದಾಗ ಅನೇಕರು ಇದೇ ಕೊನೆಯೆಂದು ನಡುಗಿಹೋದರು. ಶಿಬಿರದ ಪ್ರತ್ಯೇಕ ಭಾಗದಲ್ಲಿ ಅವರನ್ನು ಇರಿಸಿಕೊಂಡು ಚೌಕಾಶಿ ಮುಂದುವರಿಯಿತು. ಆಗಸ್ಟ್‌ನಲ್ಲಿ 318 ಜನ, ಡಿಸೆಂಬರ್‌ನಲ್ಲಿ ಉಳಿದವರಲ್ಲಿ ಬಹುತೇಕ ಎಲ್ಲರೂ ಸ್ವಿಟ್ಜರ್ಲೆಂಡ್ ತಲುಪಿದರು. ಇದಲ್ಲದೆ, ಆಶ್‌ವಿಟ್ಜ್‌ಗೆ ಹೋಗಬೇಕಿದ್ದ ಸುಮಾರು 15,000 ಜನರನ್ನು ಆಸ್ಟ್ರಿಯಾದ ಸ್ಟ್ರಾಸ್‌ಹೋಫ್‌ಗೆ ದುಡಿಮೆಗಾಗಿ ಕಳಿಸಲಾಯಿತು, ಅವರಲ್ಲಿ ಹೆಚ್ಚಿನವರು ಬದುಕಿದರು. ಇದೂ ತಮ್ಮ ಮಾತುಕತೆಯ ಫಲವೆಂದು ಕಾಸ್ಟ್ನರ್ ಹೇಳಿಕೊಂಡರು. ಆಸ್ಟ್ರಿಯಾದಲ್ಲಿ ಕೂಲಿಯಾಳುಗಳ ಕೊರತೆಯಿತ್ತೆಂಬುದೂ ನಿಜವಾದ್ದರಿಂದ ಅದರ ಶ್ರೇಯಸ್ಸು ಎಷ್ಟು ಯಾರಿಗೆ ಸಲ್ಲಬೇಕೆಂಬ ವಾದ ಇನ್ನೂ ನಿಂತಿಲ್ಲ.

ಕರಪತ್ರದಿಂದ ಕೋರ್ಟಿಗೆ

ಯುದ್ಧಾನಂತರ ಕಾಸ್ಟ್ನರ್ ಇಸ್ರೇಲಿಗೆ ಬಂದು, 1952ರ ಹೊತ್ತಿಗೆ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ವಕ್ತಾರರಾಗಿದ್ದರು. ಆಡಳಿತದಲ್ಲಿದ್ದ ಮಪಾಯ್ ಪಕ್ಷದವರು. ಆ ವರ್ಷದ ಆಗಸ್ಟ್‌ನಲ್ಲಿ ಜೆರುಸಲೇಮಿನ ಮಲ್ಕಿಯೆಲ್ ಗ್ರುನ್‌ವಾಲ್ಡ್ ಎಂಬ ವೃದ್ಧರು ತಾವೇ ಅಚ್ಚು ಹಾಕಿಸಿ ಹಂಚುತ್ತಿದ್ದ ಕರಪತ್ರವೊಂದರಲ್ಲಿ, ಕಾಸ್ಟ್ನರ್ ತನ್ನವರನ್ನು ಉಳಿಸಿಕೊಳ್ಳಲು ಉಳಿದವರನ್ನು ಬಲಿಕೊಟ್ಟರೆಂದು ಬರೆದರು. ಅಧಿಕಾರಿಯೊಬ್ಬರ ಮೇಲೆ ಇಂಥ ಆರೋಪವನ್ನು ಹಾಗೇ ಬಿಡಲಾಗದೆಂದು ಸರ್ಕಾರ ಗ್ರುನ್‌ವಾಲ್ಡ್ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿತು. ಕಾನೂನಿನ ದೃಷ್ಟಿಯಲ್ಲಿ ಕಾಸ್ಟ್ನರ್ ಸಾಕ್ಷಿ ಮಾತ್ರ. ಆದರೆ ಹೇಳಿದ್ದೆಲ್ಲ ಸತ್ಯ ಎಂಬುದೇ ಪ್ರತಿವಾದಿಯ ಸಮರ್ಥನೆಯಾದಾಗ ವಿಚಾರಣೆಗೆ ಒಳಗಾಗುವವನು ಸಾಕ್ಷಿಯೇ. ಗ್ರುನ್‌ವಾಲ್ಡ್ ಪರ ನಿಂತ ಶ್ಮುಯೆಲ್ ತಮೀರ್ ಬಲಪಂಥೀಯ ರಾಜಕಾರಣದ ಚುರುಕು ವಕೀಲರು. ಕಾಸ್ಟ್ನರ್ ಮೂಲಕ ಮಪಾಯ್ ಪಕ್ಷದ ಯುದ್ಧಕಾಲದ ನಾಯಕತ್ವವನ್ನೇ ಕಟಕಟೆಗೆ ಎಳೆಯುವುದು ಅವರ ಗುರಿಯಾಗಿತ್ತು.

1954ರ ಜನವರಿಯಲ್ಲಿ ಶುರುವಾದ ವಿಚಾರಣೆಯ ತೀರ್ಪನ್ನು ನ್ಯಾಯಾಧೀಶ ಬೆಂಜಮಿನ್ ಹಲೇವಿ 1955ರ ಜೂನ್ 22ರಂದು ಓದಿದರು. ಕರಪತ್ರದ ಮುಖ್ಯ ಆರೋಪಗಳು ಸಾಬೀತಾಗಿವೆ ಎಂದ ಅವರು, ಕಾಸ್ಟ್ನರ್ ತನ್ನ ಆತ್ಮವನ್ನು ಸೈತಾನನಿಗೆ ಮಾರಿಕೊಂಡರು ಎಂದು ಬರೆದರು. ಗ್ರುನ್‌ವಾಲ್ಡ್‌ಗೆ ವಿಧಿಸಿದ ದಂಡ ಹೆಸರಿಗೆ ಮಾತ್ರ, ಇಸ್ರೇಲಿನ ಆಗಿನ ನಾಣ್ಯದಲ್ಲಿ ಒಂದು ಲಿರಾ. ಸರ್ಕಾರ ಮೇಲ್ಮನವಿ ಸಲ್ಲಿಸಿದ್ದರಿಂದ ಮೈತ್ರಿಕೂಟ ಒಡೆದು, ಪ್ರಧಾನಿ ಮೊಶೆ ಶರೆಟ್ ರಾಜೀನಾಮೆ ಕೊಡಬೇಕಾಯಿತು. ಮರುತಿಂಗಳ ಚುನಾವಣೆಯಲ್ಲಿ ಬಲಪಂಥೀಯ ಹೆರುತ್ ಪಕ್ಷದ ಸ್ಥಾನಗಳು 8ರಿಂದ 15ಕ್ಕೆ ಏರಿದವು. 1957ರ ಮಾರ್ಚ್ ಆರಂಭದ ಒಂದು ರಾತ್ರಿ ಮನೆಯ ಮುಂದೆ ಕಾಸ್ಟ್ನರ್ ಮೇಲೆ ಗುಂಡು ಹಾರಿತು, ಮಾರ್ಚ್ 15ರಂದು ಅವರು ತೀರಿಕೊಂಡರು. ಗುಂಡು ಹಾರಿಸಿದ ಜೀವ್ ಎಕ್‌ಸ್ಟೈನ್ ಒಂದು ಕಾಲಕ್ಕೆ ಇಸ್ರೇಲಿನ ಆಂತರಿಕ ಗುಪ್ತಚರ ಸಂಸ್ಥೆಗೆ ಮಾಹಿತಿ ಕೊಡುತ್ತಿದ್ದವನು. ಜೀವಾವಧಿ ಶಿಕ್ಷೆಗೆ ಗುರಿಯಾದ ಅವನೂ ಅವನ ಸಹಚರರೂ 1963ರಲ್ಲೇ ಬಿಡುಗಡೆಯಾದದ್ದು ಇಂದಿಗೂ ಅನುಮಾನಗಳಿಗೆ ಮೇವು ಒದಗಿಸುತ್ತಿದೆ.

ಈ ಗದ್ದಲದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದೇ ಗಂಟಾಗಿ ಹೋದವು. ಕಾಸ್ಟ್ನರ್ ವೀರರೋ ದ್ರೋಹಿಯೋ ಎಂದು ಕೇಳುವವರು ಆ ಗಂಟನ್ನು ಬಿಚ್ಚದೆಯೇ ಉತ್ತರ ಬಯಸುತ್ತಾರೆ. ಪಟ್ಟಿ ಮಾಡಿದ್ದು ಒಂದು, ಸುದ್ದಿ ಮುಚ್ಚಿಟ್ಟರೆಂಬುದು ಇನ್ನೊಂದು, ಯುದ್ಧದ ನಂತರ ನಾಜಿ ಅಧಿಕಾರಿಯ ಪರ ಸಾಕ್ಷಿ ನುಡಿದದ್ದು ಮತ್ತೊಂದು. ಈ ಮೂರರ ತೂಕ ಒಂದೇ ಅಲ್ಲ.

ಪಟ್ಟಿ

ಮೂವರನ್ನು ಉಳಿಸಬಹುದಾದಾಗ ನೂರು ಜನರಲ್ಲಿ ಆ ಮೂವರು ಯಾರೆಂದು ಹೇಳುವ ಹಕ್ಕು ಯಾರಿಗಿದೆ? ಯಹೂದಿ ಧರ್ಮಶಾಸ್ತ್ರ ಈ ಪ್ರಶ್ನೆಯನ್ನು ಶತಮಾನಗಳಿಂದ ಬಲ್ಲದು. ನಿಮ್ಮಲ್ಲಿ ಒಬ್ಬನನ್ನು ಕೊಲ್ಲಲು ಒಪ್ಪಿಸಿ, ಇಲ್ಲವಾದರೆ ಎಲ್ಲರನ್ನೂ ಕೊಲ್ಲುತ್ತೇವೆ ಎಂದು ಶತ್ರುಗಳು ಹೇಳಿದರೆ, ಎಲ್ಲರೂ ಸಾಯಲಿ, ಒಬ್ಬನನ್ನೂ ಒಪ್ಪಿಸಕೂಡದು ಎಂದು 12ನೇ ಶತಮಾನದ ಧರ್ಮಶಾಸ್ತ್ರಜ್ಞ ಮೈಮೊನಿಡಿಸ್ ವಿಧಿಸಿದ್ದರು. ಹೆಸರು ಹಿಡಿದು ಕೇಳಿದ ಅಪರಾಧಿಯ ವಿಷಯ ಮಾತ್ರ ಬೇರೆ.

ಈ ವಿಧಿ ನಾಜಿಗಳ ಕಾಲದಲ್ಲಿ ಎದುರಾದ ಬಗೆಯನ್ನು ಲಿಥುವೇನಿಯಾದ ಕೊವ್ನೊ ಘೆಟ್ಟೊದಲ್ಲಿ ಕಾಣಬಹುದು. 1941ರ ಅಕ್ಟೋಬರ್ 28ರ ಬೆಳಿಗ್ಗೆ ಎಲ್ಲರೂ ಮೈದಾನದಲ್ಲಿ ಸೇರಬೇಕೆಂಬ ಜರ್ಮನ್ ಆಜ್ಞೆಯನ್ನು ಹಿರಿಯರ ಮಂಡಳಿ ಸಾರಬೇಕಿತ್ತು. ಸಾರಿದರೆ ಜನರನ್ನು ಸಾವಿನ ಬಾಯಿಗೆ ತಾವೇ ನೂಕಿದಂತೆ, ಸಾರದಿದ್ದರೆ ಇಡೀ ಘೆಟ್ಟೊದ ನಾಶ. ಅತ್ತ ದರಿ, ಇತ್ತ ಪುಲಿ. ಮಂಡಳಿಯವರು ರಾತ್ರಿ ಹೋಗಿ ಕಾಯಿಲೆ ಬಿದ್ದಿದ್ದ ವೃದ್ಧ ಗುರು ಅವ್ರಹಾಮ್ ಶಪಿರೊ ಅವರನ್ನು ಕೇಳಿದರು. ಅವರು ಕೂಡಲೇ ಉತ್ತರಿಸಲಿಲ್ಲ, ಗ್ರಂಥಗಳನ್ನು ನೋಡಲು ಸಮಯ ಕೇಳಿದರು. ಬೆಳಗಾಗುವ ಹೊತ್ತಿಗೆ ಅವರು ಕೊಟ್ಟ ನಿರ್ಣಯ ಇಷ್ಟು: ಇಡೀ ಸಮುದಾಯಕ್ಕೇ ಸಾವು ವಿಧಿಸಿರುವಾಗ ಅದರ ಒಂದು ಭಾಗವನ್ನು ಉಳಿಸುವ ಉಪಾಯವಿದ್ದರೆ, ಮುಂದಾಳುಗಳು ಎದೆಗಟ್ಟಿ ಮಾಡಿಕೊಂಡು ಆ ಹೊಣೆಯನ್ನು ಹೊರಬೇಕು. ಮಂಡಳಿ ಆಜ್ಞೆಯನ್ನು ಸಾರಿತು. ಆ ದಿನ ಆರಿಸಿ ಒಯ್ದ ಸುಮಾರು 9,200 ಜನರನ್ನು ಮರುದಿನ ಒಂಬತ್ತನೇ ಕೋಟೆಯಲ್ಲಿ ಗುಂಡಿಟ್ಟು ಕೊಲ್ಲಲಾಯಿತು.

ಈ ಹಿನ್ನೆಲೆಯಲ್ಲಿ ನೋಡಿದರೆ ಕಾಸ್ಟ್ನರ್ ಪಟ್ಟಿಯ ಬಗ್ಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅದು ಸಾಯಬೇಕಾದವರ ಪಟ್ಟಿಯಲ್ಲ, ಬದುಕಬೇಕಾದವರದ್ದು. ಲೋಡ್ಜ್ ಘೆಟ್ಟೊದ ಮುಖ್ಯಸ್ಥ ಹೈಮ್ ರುಮ್ಕೊವ್ಸ್ಕಿ 1942ರ ಸೆಪ್ಟೆಂಬರ್‌ನಲ್ಲಿ ತುಂಬಿದ ಸಭೆಯೆದುರು ನಿಂತು, ನಿಮ್ಮ ಮಕ್ಕಳನ್ನು ಒಪ್ಪಿಸಿ ಎಂದು ತಂದೆತಾಯಿಯರನ್ನು ಬೇಡಿಕೊಂಡದ್ದಕ್ಕೂ ಇದಕ್ಕೂ ಹೋಲಿಕೆಯಿಲ್ಲ. 1,684 ಜನರನ್ನು ಬಿಟ್ಟದ್ದಕ್ಕೆ ಪ್ರತಿಯಾಗಿ ನಾಜಿಗಳು 4,37,000 ಜನರನ್ನು ಪಡೆದರು ಎಂಬ ಲೆಕ್ಕವೂ ತಪ್ಪು. ಆ ರೈಲು ಹೊರಡದಿದ್ದರೂ ಉಳಿದ ರೈಲುಗಳು ಹೊರಡುತ್ತಿದ್ದವು. ಬಂಧುಗಳನ್ನು ಸೇರಿಸಿದ್ದು ಮಾತ್ರ ಸಹಜವಾಗಿಯೇ ಕಣ್ಣು ಕುಕ್ಕುತ್ತದೆ. ಆದರೆ ಮನೆಮಂದಿಯನ್ನು ಪಟ್ಟಿಯಿಂದ ಬಿಟ್ಟಿದ್ದರೆ, ಈ ರೈಲು ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದೇ ತನ್ನವರನ್ನು ಹತ್ತಿಸಲಿಲ್ಲ ಎಂದು ಉಳಿದವರು ಶಂಕಿಸದೇ ಇರುತ್ತಿರಲಿಲ್ಲ.

ಮೌನ

ಕಷ್ಟದ ಪ್ರಶ್ನೆ ಇಲ್ಲಿದೆ. ಸ್ಲೊವಾಕಿಯಾದ ಇಬ್ಬರು ಯಹೂದಿ ತರುಣರು, ರುಡಾಲ್ಫ್ ವರ್ಬಾ ಮತ್ತು ಆಲ್ಫ್ರೆಡ್ ವೆಟ್ಜ್ಲರ್, 1944ರ ಏಪ್ರಿಲ್‌ನಲ್ಲಿ ಆಶ್‌ವಿಟ್ಜ್‌ನಿಂದ ತಪ್ಪಿಸಿಕೊಂಡು, ಅಲ್ಲಿನ ಅನಿಲಕೋಣೆಗಳ ಬಗ್ಗೆ ವಿವರವಾದ ವರದಿ ಕೊಟ್ಟರು. ಅದು ಏಪ್ರಿಲ್ ಕೊನೆ, ಮೇ ಆರಂಭದ ಹೊತ್ತಿಗೆ ಕಾಸ್ಟ್ನರ್ ಕೈಸೇರಿತ್ತು. ಮೇ ಮೊದಲ ವಾರದಲ್ಲಿ ಅವರು ಕ್ಲುಜ್‌ಗೂ ಹೋಗಿದ್ದರು. ಅಲ್ಲಿನ ಸುಮಾರು 18,000 ಯಹೂದಿಗಳನ್ನು ಇಟ್ಟಿಗೆ ಕಾರ್ಖಾನೆಯೊಂದರ ಅಂಗಳದಲ್ಲಿ ಕೂಡಿಹಾಕುತ್ತಿದ್ದ ದಿನಗಳವು. ರೊಮೇನಿಯಾದ ಗಡಿ ಅಲ್ಲಿಂದ ಕೆಲವೇ ಕಿಲೋಮೀಟರ್. ಕೆಲಸಕ್ಕಾಗಿ ನಿಮ್ಮನ್ನು ಹಂಗೇರಿಯೊಳಗಿನ ಕೆನ್ಯೇರ್‌ಮೆಜೊ ಎಂಬ ಊರಿಗೆ ಒಯ್ಯುತ್ತಾರೆ ಎಂಬ ಮಾತನ್ನು ಘೆಟ್ಟೊದಲ್ಲಿ ಹಬ್ಬಿಸಲಾಗಿತ್ತು. ಆ ಹೆಸರಿನ ಅರ್ಥ ‘ರೊಟ್ಟಿಯ ಬಯಲು’. ಜನ ನಂಬಿದರು. ಗಂಟುಮೂಟೆ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿದರು. ಮೇ 25ರಿಂದ ಜೂನ್ 9ರವರೆಗೆ ಆರು ರೈಲುಗಳು ಹೋದವು, ಎಲ್ಲವೂ ಆಶ್‌ವಿಟ್ಜ್‌ಗೆ.

ಹಲೇವಿ ಅವರ ತೀರ್ಪು ನಿಂತದ್ದು ಈ ಬುನಾದಿಯ ಮೇಲೆ. ಅವರ ವಾದದಲ್ಲಿ, 388 ಜನರ ಬಿಡುಗಡೆ ಎಂಬ ಉಡುಗೊರೆಯನ್ನು ನಾಜಿಗಳು ಕೊಟ್ಟದ್ದೇ ಮುಂದಾಳುಗಳ ಬಾಯಿ ಕಟ್ಟಲು. ತಮ್ಮವರು ಪಾರಾಗುವ ರೈಲು ಕೈತಪ್ಪಬಾರದೆಂಬ ಕಾರಣಕ್ಕೆ ಕಾಸ್ಟ್ನರ್ ಸುಮ್ಮನಿದ್ದರು, ಆ ಮೌನದಿಂದ ಉಳಿದವರು ಓಡುವ, ಅಡಗುವ, ತಿರುಗಿಬೀಳುವ ಅವಕಾಶ ಕಳೆದುಕೊಂಡರು. ವರ್ಬಾ ಸಾಯುವವರೆಗೂ ಇದೇ ಆರೋಪವನ್ನು ಮಾಡುತ್ತಿದ್ದರು. ಪ್ಯಾಲೆಸ್ಟೀನಿನಿಂದ ಬ್ರಿಟಿಷ್ ಪ್ಯಾರಾಶೂಟ್ ಯೋಧೆಯಾಗಿ ಬಂದು ಸೆರೆಸಿಕ್ಕಿ, 1944ರ ನವೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಗುಂಡಿಗೆ ಬಲಿಯಾದ ಹನ್ನಾ ಸೆನೆಶ್ ಅವರ ತಾಯಿಯೂ ಕೋರ್ಟಿಗೆ ಬಂದು, ಮಗಳ ಬಿಡುಗಡೆಗಾಗಿ ಅಲೆದಾಗ ಕಾಸ್ಟ್ನರ್ ತಮ್ಮನ್ನು ಭೇಟಿಯಾಗಲೇ ಇಲ್ಲವೆಂದು ಹೇಳಿದರು.

ಕಾಸ್ಟ್ನರ್ ಪರ ಇರುವ ಉತ್ತರವೂ ಹಗುರವಾದದ್ದಲ್ಲ. ಸುದ್ದಿ ಕೇಳುವುದು ಬೇರೆ, ನಂಬುವುದು ಬೇರೆ. ಪೋಲೆಂಡಿನ ಕೊಲೆಗಳ ಕಥೆಯನ್ನು ನಿರಾಶ್ರಿತರು ಹೇಳುತ್ತಲೇ ಇದ್ದರು, ರೇಡಿಯೊದಲ್ಲೂ ಬರುತ್ತಿತ್ತು. ಹಂಗೇರಿಯ ಬಹಳಷ್ಟು ಯಹೂದಿಗಳು ಅದು ನಮ್ಮಲ್ಲಿ ನಡೆಯದು ಎಂದುಕೊಂಡಿದ್ದರು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೆಚ್ಚಿನವರು ದುಡಿಮೆಯ ತುಕಡಿಗಳಲ್ಲಿ ದೂರವಿದ್ದರು, ಘೆಟ್ಟೊದಲ್ಲಿ ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಆಯುಧವಿರಲಿಲ್ಲ, ಅಡಗಿಸಿಕೊಳ್ಳುವ ನೆರೆಹೊರೆ ಇರಲಿಲ್ಲ. ವರದಿಯನ್ನು ಕಂಡಿದ್ದವರೂ ಕಾಸ್ಟ್ನರ್ ಒಬ್ಬರೇ ಅಲ್ಲ. ಇನ್ನೊಂದು ಮಾತೂ ಇದೆ. ಸೋವಿಯತ್ ಸೇನೆ ಪೂರ್ವದಿಂದ ಒತ್ತಿಕೊಂಡು ಬರುತ್ತಿದ್ದಾಗ ಬೀಸುವ ದೊಣ್ಣೆಯನ್ನು ಇಂದಿನ ಮಟ್ಟಿಗೆ ತಪ್ಪಿಸಿಕೊಳ್ಳುವುದೇ ಬುದ್ಧಿವಂತಿಕೆ ಎಂಬ ಲೆಕ್ಕಾಚಾರ ಮೂರ್ಖತನವೇನೂ ಆಗಿರಲಿಲ್ಲ. 1943ರಲ್ಲಿ ವಾರ್ಸಾ ಘೆಟ್ಟೊದ ಯಹೂದಿಗಳು ಎಬ್ಬಿಸಿದಂಥ ಬಂಡಾಯ ಮರುಕಳಿಸಬಾರದೆಂಬುದು ಐಕ್‌ಮನ್‌ನ ದೊಡ್ಡ ಚಿಂತೆಯಾಗಿತ್ತು, ಗಲಭೆಯೆದ್ದರೆ ಮಾತುಕತೆ ಮುರಿದುಬೀಳುವುದು ಖಚಿತವಿತ್ತು.

ಇಲ್ಲಿ ಎರಡು ಬಗೆಯ ಮೌನವನ್ನು ಬೇರ್ಪಡಿಸಿದರೆ ವಿಷಯ ತುಸು ತಿಳಿಯಾಗುತ್ತದೆ. ವರ್ಬಾ-ವೆಟ್ಜ್ಲರ್ ವರದಿಯ ಸಾರಾಂಶ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಪತ್ರಿಕೆಗಳಲ್ಲಿ ಪ್ರಕಟವಾದಾಗ ಪೋಪ್, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಸ್ವೀಡನ್ನಿನ ದೊರೆ ಹಂಗೇರಿಯ ಮೇಲೆ ಒತ್ತಡ ತಂದರು. ಜುಲೈ ಮೊದಲ ವಾರದಲ್ಲಿ ಹಂಗೇರಿಯ ಆಡಳಿತಾಧಿಪತಿ ಹೊರ್ತಿ ರೈಲುಗಳನ್ನು ನಿಲ್ಲಿಸಲು ಆಜ್ಞೆ ಮಾಡಿದರು, ಬುಡಾಪೆಸ್ಟ್‌ನ ಯಹೂದಿಗಳು ಆ ಸಲ ಉಳಿದುಕೊಂಡರು. ಅಂದರೆ ಸುದ್ದಿಗೆ ಬಲವಿತ್ತು, ಆದರೆ ಅದು ಕೆಲಸ ಮಾಡಿದ್ದು ಅಧಿಕಾರದಲ್ಲಿದ್ದವರ ಮೇಲೆ. ಘೆಟ್ಟೊದೊಳಗೆ ಅದೇ ಸುದ್ದಿ ಎಷ್ಟು ಜನರನ್ನು ಉಳಿಸುತ್ತಿತ್ತೆಂದು ಹೇಳಲಾಗದು. ಆದರೂ ಕ್ಲುಜ್‌ನ ಮಟ್ಟಿಗೆ ಕಾಸ್ಟ್ನರ್ ಮೇಲಿನ ಆಕ್ಷೇಪ ಇದರಿಂದ ಅಳಿಸಿಹೋಗುವುದಿಲ್ಲ. ನೂರರಲ್ಲಿ ಒಬ್ಬನಿಗೆ ಮಾತ್ರ ಗಡಿ ದಾಟುವ ಅವಕಾಶವಿದ್ದರೂ, ದಾಟಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವನು ಅವನೇ. ರೊಟ್ಟಿಯ ಬಯಲಿನ ಕಥೆಯನ್ನು ಹಬ್ಬಿಸಿದವರು ಕಾಸ್ಟ್ನರ್ ಎಂದು ಹೇಳಲು ಆಧಾರವಿಲ್ಲ. ಆದರೆ ಅದು ಸುಳ್ಳೆಂದು ತಿಳಿಯುವ ಸ್ಥಿತಿಯಲ್ಲಿ ಅವರಿದ್ದರು.

ಬೆಖರ್‌ಗೆ ಕೊಟ್ಟ ಅಫಿಡವಿಟ್

ಮೂರನೆಯ ಗಂಟು ಬಿಚ್ಚುವುದು ಸುಲಭ, ಅಲ್ಲಿ ಸಿಗುವುದು ಹಿತಕರವಲ್ಲ. ರೈಲಿನ ವ್ಯವಹಾರ ಕುದುರಿಸಿದ್ದ ಎಸ್‌ಎಸ್ ಅಧಿಕಾರಿ ಕುರ್ಟ್ ಬೆಖರ್ ಯುದ್ಧದ ನಂತರ ಬಂಧನದಲ್ಲಿದ್ದಾಗ, ಅವನು ಯಹೂದಿಗಳನ್ನು ಉಳಿಸಲು ಶ್ರಮಿಸಿದನೆಂದು 1947ರಲ್ಲಿ ಕಾಸ್ಟ್ನರ್ ಅಫಿಡವಿಟ್ ಕೊಟ್ಟರು. ಜೆರುಸಲೇಮಿನ ಪಾಟೀಸವಾಲಿನಲ್ಲಿ ತಮೀರ್ ಇದನ್ನು ಕೆದಕಿದಾಗ, ಬೆಖರ್ ಪರ ತಾನು ಸಾಕ್ಷಿ ಹೇಳಿಲ್ಲವೆಂದು ಕಾಸ್ಟ್ನರ್ ಅಲ್ಲಗಳೆದರು. ಆಗ ತಮೀರ್, ಕಾಸ್ಟ್ನರ್ ಸ್ವತಃ 1948ರಲ್ಲಿ ಹಣಕಾಸು ಸಚಿವ ಎಲಿಯೆಜರ್ ಕಪ್ಲಾನ್‌ಗೆ ಬರೆದ ಪತ್ರವನ್ನು ಮುಂದಿಟ್ಟರು. ಬೆಖರ್ ಬಿಡುಗಡೆಯಾದದ್ದು ತನ್ನ ಮಧ್ಯಪ್ರವೇಶದಿಂದ ಎಂದು ಅದರಲ್ಲಿತ್ತು. ಮೊಕದ್ದಮೆ ಮಗುಚಿಬಿದ್ದದ್ದು ಆ ಕ್ಷಣದಲ್ಲಿ. 1944ರ ಬುಡಾಪೆಸ್ಟ್ ಬಗ್ಗೆ ಕಾಸ್ಟ್ನರ್ ಆಡಿದ ನಿಜವನ್ನೂ ಆ ಬಳಿಕ ಜನ ಸಂಶಯದಿಂದಲೇ ಕೇಳಿದರು.

ಕೊಟ್ಟ ಮಾತಿಗೆ ಕಟ್ಟುಬಿದ್ದರು ಎನ್ನುವವರಿದ್ದಾರೆ. ಬೆಖರ್ ಬಳಿ ಇದ್ದ ಸಂಪತ್ತನ್ನು ವಾಪಸ್ ಪಡೆಯುವ ಉದ್ದೇಶವಿತ್ತು ಎನ್ನುವವರೂ ಇದ್ದಾರೆ. ಏನೇ ಇರಲಿ, 1944ರಲ್ಲಿ ಕಾಸ್ಟ್ನರ್ ಕತ್ತಿನ ಮೇಲೆ ಕತ್ತಿಯಿತ್ತು, 1947ರಲ್ಲಿ ಇರಲಿಲ್ಲ. ಬೆಖರ್ ಮುಂದೆ ಜರ್ಮನಿಯಲ್ಲಿ ಶ್ರೀಮಂತ ವ್ಯಾಪಾರಿಯಾಗಿ ಬಾಳಿ 1995ರಲ್ಲಿ ತೀರಿಕೊಂಡ.

ಸುಪ್ರೀಂ ಕೋರ್ಟಿನ ನಿಲುವು

ಕಾಸ್ಟ್ನರ್ ಸತ್ತ ಹತ್ತು ತಿಂಗಳಿಗೆ, 1958ರ ಜನವರಿಯಲ್ಲಿ, ಇಸ್ರೇಲಿನ ಸುಪ್ರೀಂ ಕೋರ್ಟ್ ಸಹಯೋಗದ ಆರೋಪವನ್ನು ಬಹುಮತದಿಂದ ತಳ್ಳಿಹಾಕಿತು. ಮುಖ್ಯ ತೀರ್ಪು ಬರೆದ ಶಿಮೊನ್ ಅಗ್ರನಾಟ್ ಒಂದು ಸರಳ ಆದರೆ ಕಠಿಣ ನಿಯಮವನ್ನು ಹಿಡಿದರು: ಒಬ್ಬ ನಾಯಕನನ್ನು ಅಳೆಯಬೇಕಾದದ್ದು ಆ ಹೊತ್ತಿನಲ್ಲಿ ಅವನಿಗೆ ತಿಳಿದಿದ್ದ ಸಂಗತಿಗಳಿಂದ, ನಂತರ ನಮಗೆ ತಿಳಿದವುಗಳಿಂದಲ್ಲ. ಹೆಚ್ಚು ಜನರನ್ನು ಉಳಿಸಲು ಮಾತುಕತೆಯೇ ಇರುವ ಒಂದೇ ದಾರಿ ಎಂದು ಕಾಸ್ಟ್ನರ್ ಪ್ರಾಮಾಣಿಕವಾಗಿ ನಂಬಿದ್ದರೆ, ಫಲ ಹೇಗೇ ಬಂದಿರಲಿ, ಅದು ನಾಜಿಗಳ ಸಹಯೋಗವಾಗದು ಎಂದರು. ಭಿನ್ನ ತೀರ್ಪು ಬರೆದ ಮೊಶೆ ಸಿಲ್ಬರ್ಗ್ ಒಪ್ಪಲಿಲ್ಲ, ಅವರ ಆಕ್ಷೇಪ ಮೌನದ ಸುತ್ತಲೇ ಇತ್ತು. ಬೆಖರ್ ವಿಷಯದಲ್ಲಿ ಮಾತ್ರ ಐವರೂ ಹಲೇವಿಯ ತೀರ್ಮಾನವನ್ನು ಎತ್ತಿಹಿಡಿದರು. ‘ಕಾಸ್ಟ್ನರ್ ನಿರ್ದೋಷಿ’ ಎಂಬ ಒಂದು ಸಾಲಿನ ವರದಿಗಳು ಈ ಕೊನೆಯ ಭಾಗವನ್ನು ಬಿಟ್ಟುಬಿಡುವುದೇ ಹೆಚ್ಚು. ಇದೇ ಹಲೇವಿ 1961ರಲ್ಲಿ ಐಕ್‌ಮನ್‌ನ ವಿಚಾರಣೆ ನಡೆಸಿದ ಮೂವರು ನ್ಯಾಯಾಧೀಶರಲ್ಲಿ ಒಬ್ಬರಾಗಿದ್ದರು.

ಗೌರವ ಯಾರಿಗೆ ಎಂಬ ಚರ್ಚೆ

ಜೆರುಸಲೇಮಿನ ಯಾದ್ ವಶೆಮ್ ಸ್ಮಾರಕ ಸಂಸ್ಥೆ, ಯಹೂದಿಗಳನ್ನು ಉಳಿಸಿದ 28,000ಕ್ಕೂ ಹೆಚ್ಚು ಜನರಿಗೆ ‘ರಾಷ್ಟ್ರಗಳ ನಡುವಿನ ಸಜ್ಜನರು’ ಎಂಬ ಮನ್ನಣೆ ಕೊಟ್ಟಿದೆ. ಅದು ಯಹೂದ್ಯೇತರರಿಗೆ ಮೀಸಲು. ಪ್ರಾಣವನ್ನೋ ಸ್ವಾತಂತ್ರ್ಯವನ್ನೋ ಪಣವಾಗಿಟ್ಟಿರಬೇಕು, ಪ್ರತಿಫಲದ ಆಸೆ ಇರಬಾರದು ಎಂಬ ನಿಯಮಗಳಿವೆ. ನಾಜಿ ಪಕ್ಷದ ಸದಸ್ಯನೂ ಯುದ್ಧದಲ್ಲಿ ಲಾಭ ಮಾಡಿಕೊಂಡ ಕಾರ್ಖಾನೆದಾರನೂ ಆಗಿದ್ದ ಆಸ್ಕರ್ ಶಿಂಡ್ಲರ್ ಕೂಡ ಆ ಪಟ್ಟಿಯಲ್ಲಿದ್ದಾನೆ. ಶಿಂಡ್ಲರ್‌ನ ವಿಷಯದಲ್ಲಿ ಕಲೆಗಳನ್ನು ಕ್ಷಮಿಸಿದ ಮನಸ್ಸು ಕಾಸ್ಟ್ನರ್ ವಿಷಯದಲ್ಲಿ ಬಿಗಿಯಾಗುವುದಕ್ಕೆ ಕಾರಣವಿದೆ. ಹೊರಗಿನವನು ಒಬ್ಬನನ್ನು ಉಳಿಸಿದರೂ ಅದು ಅವನ ಕರ್ತವ್ಯವನ್ನು ಮೀರಿದ್ದು. ಒಳಗಿನ ಮುಂದಾಳು ಸಾವಿರ ಜನರನ್ನು ಉಳಿಸಿದರೂ ಉಳಿಯದವರ ಬಂಧುಗಳು ಅವನನ್ನೇ ಕೇಳುತ್ತಾರೆ.

ಯಹೂದಿಗಳನ್ನು ಉಳಿಸಿದ ಯಹೂದಿಗಳಿಗೂ ಅಧಿಕೃತ ಗೌರವ ಸಿಗಬೇಕೆಂಬ ಬೇಡಿಕೆ ಈಗ ಬಲಗೊಳ್ಳುತ್ತಿದೆ. ಬ್ನಾಯ್ ಬ್ರಿತ್ ಎಂಬ ಯಹೂದಿ ಸಂಸ್ಥೆ 2011ರಿಂದ ಇಂಥವರಿಗೆ ತನ್ನದೇ ಮನ್ನಣೆ ನೀಡುತ್ತಿದೆ. ಸುಳ್ಳು ದಾಖಲೆ ಮಾಡಿಕೊಟ್ಟ, ಮಕ್ಕಳನ್ನು ಗಡಿ ದಾಟಿಸಿದ ತರುಣರ ವಿಷಯದಲ್ಲಿ ತೊಡಕಿಲ್ಲ. ಆದರೆ ಸರ್ಕಾರಿ ಮಟ್ಟದಲ್ಲಿ ನಿಯಮ ಬರೆಯಲು ಕುಳಿತ ದಿನ, ಶತ್ರುವಿನೊಂದಿಗೆ ಚೌಕಾಶಿ ಮಾಡಿದ್ದು ಅರ್ಹತೆಯೋ ಅನರ್ಹತೆಯೋ ಎಂಬ ಪ್ರಶ್ನೆಗೆ ಮೊದಲ ಪುಟದಲ್ಲೇ ಉತ್ತರಿಸಬೇಕಾಗುತ್ತದೆ. ಅರ್ಹತೆ ಎಂದರೆ ಲೋಡ್ಜ್, ವಿಲ್ನಾ ಘೆಟ್ಟೊಗಳ ಮುಖ್ಯಸ್ಥರ ಪರವಾಗಿಯೂ ಅರ್ಜಿ ಬರಬಹುದು. ಅನರ್ಹತೆ ಎಂದರೆ ಕೊವ್ನೊದ ಮಂಡಳಿಯೂ ಹೊರಗುಳಿಯುತ್ತದೆ. ಕಾಸ್ಟ್ನರ್ ಅವರ ಕಾಗದಪತ್ರಗಳನ್ನು 2007ರಲ್ಲಿ ಅವರ ಕುಟುಂಬ ಯಾದ್ ವಶೆಮ್‌ಗೆ ಒಪ್ಪಿಸಿತು. ಅಂಥ ನಿಯಮ ಬರೆಯುವವರಿಗೆ ದೂರ ಹೋಗುವ ಅಗತ್ಯವಿಲ್ಲ, ಕಡತಗಳು ಅದೇ ಆವರಣದಲ್ಲಿವೆ.